ಭಾವ ಎಂದು ಬರೆದವಳು ನಾನು

ಮೂಡುಬಿದಿರೆಯ ಒಬ್ಬ ಹೆಂಗಸಿಗೆ, ಅವರ ಮುಖವನ್ನೂ ನೋಡದೆ, ನಾನು ಗಂಡನೊಬ್ಬನನ್ನು ಮಾಡಿಕೊಟ್ಟೆ. ನಾನೇನೂ ಮದುವೆ ದಲ್ಲಾಳಿಯಲ್ಲ. ಬಿ.ಸಿ.ರೋಡಿನ ಬಸ್ ನಿಲ್ದಾಣದ ಎದುರು, ಮೆಡಿಕಲ್ ಅಂಗಡಿಯ ಮೇಲಿನ ಕೋಣೆಯಲ್ಲಿ ಕೂತು ಟಿಕೆಟ್ ಮತ್ತು ವೀಸಾದ ಕೆಲಸ ಮಾಡಿಕೊಡುವವಳು. ಗಲ್ಫಿಗೆ ಹೋಗುವವರು, ಮಗಳ ಬಾಣಂತನಕ್ಕೆ ವಿಮಾನ ಹತ್ತುವ ತಾಯಂದಿರು, ಯಾತ್ರೆಗೆ ಹೊರಟವರು, ಎಲ್ಲರೂ ನನ್ನ ಮರದ ಬೆಂಚಿನ ಮೇಲೆ ಕೂತು ಹೋದವರೇ. ಜನರ ಕೆಲಸ ಸಲೀಸಾಗಿ ಮುಗಿಸಿಕೊಡುವವಳು ಎಂಬ ಹೆಸರು ನನಗಿತ್ತು. ಆ ಹೆಸರಿನ ಮೇಲೆ ನನಗೆ ಸ್ವಲ್ಪ ಜಂಬವೂ ಇತ್ತು.

ಆ ವರ್ಷ ಸೆಕೆ ಶುರುವಾಗುವ ಹೊತ್ತಿಗೆ ಇಬ್ಬರು ಗಂಡಸರು ಬಂದರು. ಮೊದಲು ಒಬ್ಬರು ಮೂಡುಬಿದಿರೆಯ ಬಸ್ಸಿನಿಂದ ಇಳಿದು ಮೇಲೆ ಬಂದು ಕೂತರು. ಸ್ವಲ್ಪ ಹೊತ್ತಿಗೆ ಇನ್ನೊಬ್ಬರು ಬೆಳ್ತಂಗಡಿಯ ಬಸ್ಸಿನಿಂದ ಬಂದರು. ಆಕಸ್ಮಿಕವಾಗಿ ಭೇಟಿಯಾದವರಂತೆ 'ಓ, ನೀವಾ' ಎಂದುಕೊಂಡರು. ನಾಟಕದಲ್ಲಿ ಇಬ್ಬರಿಗೂ ಯಾರೂ ಪಾತ್ರ ಕೊಡಲಾರರು, ಅಷ್ಟು ಕೆಟ್ಟದಾಗಿತ್ತು ಅಭಿನಯ. ಮೂಡುಬಿದಿರೆಯವರದು ಗಿಡಗಳ ನರ್ಸರಿ: ಮಲ್ಲಿಗೆ, ಕಾಳುಮೆಣಸಿನ ಕಸಿ, ರಂಬುಟಾನ್. ಬಾಯಿ ತುಂಬ ಮಾತು, ಮಾತಿಗೊಂದು ನಗು. ಬೆಳ್ತಂಗಡಿಯವರು ಒಂದು ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಯುವವರು. ಕೇಳಿದ್ದಕ್ಕೆ ಉತ್ತರ, ಇಲ್ಲದಿದ್ದರೆ ಇಲ್ಲ. ಇಬ್ಬರಿಗೂ ನಲವತ್ತು ದಾಟಿತ್ತು. ಹೆಸರು ಬೇಡ, ಅವರು ಹೋದ ದೇಶದ ಹೆಸರೂ ಬೇಡ. ನಮ್ಮ ಮೂರೂರುಗಳಲ್ಲಿ ಅಷ್ಟು ಹೇಳಿದರೆ ಮನೆಯ ಗೇಟಿನ ಬಣ್ಣದವರೆಗೆ ಜನ ಹುಡುಕಿಕೊಂಡು ಹೋಗುತ್ತಾರೆ.

"ಅಕ್ಕ, ಯುರೋಪಿನ ಕಡೆ ಒಮ್ಮೆ ಹೋಗುವ ಅಂತ ಉಂಟು," ನರ್ಸರಿಯವರು ಹೇಳಿದರು. "ನಾವಿಬ್ಬರೇ. ಗುಂಪು ಗಿಂಪು ಬೇಡ."

"ಹೋಗುವ. ಇವರು ನಿಮಗೆ ಎಂತ ಆಗಬೇಕು?" ಎಂದೆ. ದಿನಕ್ಕೆ ಹತ್ತು ಸಲ ಕೇಳುವ ಪ್ರಶ್ನೆ ಅದು.

"ಇವರು… ನಮ್ಮ…" ಎಂದು ಅವರು ನಿಂತರು. ನಗು ಮುಖದಲ್ಲೇ ಉಳಿಯಿತು, ಮಾತು ಮಾತ್ರ ಬರಲಿಲ್ಲ.

ನನಗೆ ಗೊತ್ತಾಗಲಿಲ್ಲ ಎಂದರೆ ಸುಳ್ಳಾದೀತು. ಎಕ್ಸ್‌ರೇಯವರು ಆಗಷ್ಟೇ ಚೀಲದಿಂದ ಒಂದೇ ಪ್ಲಾಸ್ಟಿಕ್ ಕವರ್ ತೆಗೆದು ಇಬ್ಬರ ಪಾಸ್‌ಪೋರ್ಟನ್ನೂ ಮೇಜಿನ ಮೇಲಿಟ್ಟಿದ್ದರು. ಗೆಳೆಯರು ಬಂದರೆ ಅವರವರ ಪಾಸ್‌ಪೋರ್ಟು ಅವರವರ ಜೇಬಿನಿಂದ ಬರುತ್ತದೆ. ಎರಡೂ ಒಂದೇ ಚೀಲದಿಂದ ಬರುವುದು ಗಂಡ ಹೆಂಡತಿಯದು. ಇಷ್ಟು ವರ್ಷ ಈ ಮೇಜಿನ ಹಿಂದೆ ಕೂತವಳಿಗೆ ಅದು ತಿಳಿಯದೆ ಇರುತ್ತದೆಯೇ? ಅವರು ತಡವರಿಸುವುದನ್ನು ನೋಡಲಾರದೆ ನಾನೇ ಹೇಳಿದೆ:

"ಭಾವ ಅಲ್ವಾ?"

ಇಬ್ಬರೂ ಒಮ್ಮೆಲೇ ನಕ್ಕರು. "ಹೌದು ಹೌದು, ಭಾವ," ಎಂದರು ನರ್ಸರಿಯವರು.

ತುಳುನಾಡಿನಲ್ಲಿ ಭಾವ ಎಂದರೆ ಅಕ್ಕನ ಗಂಡ ಮಾತ್ರ ಅಲ್ಲ. ಹೆಂಡತಿಯ ಅಣ್ಣನೂ ಭಾವ, ಸೋದರಮಾವನ ಮಗನೂ ಭಾವ, ಏನೂ ಆಗದವನನ್ನೂ ಪ್ರೀತಿ ಬಂದರೆ ಭಾವ ಎನ್ನುತ್ತೇವೆ. ಬಸ್ಸಿನ ಕಂಡಕ್ಟರ್ 'ಸ್ವಲ್ಪ ಹಿಂದೆ ಹೋಗಿ ಭಾವ' ಎಂದರೆ ಯಾರೂ ವಂಶಾವಳಿ ಕೇಳುವುದಿಲ್ಲ. ತಮಾಷೆ ಮಾಡಲಿಕ್ಕೆ, ಹೆಗಲ ಮೇಲೆ ಕೈ ಹಾಕಲಿಕ್ಕೆ ಹಕ್ಕಿರುವ ಸಂಬಂಧ ಅದು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎನ್ನುವಾಗ ಇದಕ್ಕಿಂತ ಒಳ್ಳೆಯ ಮಾತು ಸಿಗಲಾರದು ಎಂದು ನನಗೆ ನಾನೇ ಬೆನ್ನು ತಟ್ಟಿಕೊಂಡೆ.

ಕೆಲಸ ಶುರುವಾಯಿತು. ನಮ್ಮ ಕಡೆಯ ಟ್ರಾವೆಲ್ ಆಫೀಸಿನವರ ಕೈ ತಾನಾಗಿಯೇ ಗಲ್ಫಿನ ಕಡೆ ಹೋಗುತ್ತದೆ. ಸ್ವರ್ಗಕ್ಕೆ ಟಿಕೆಟ್ ಕೇಳಿದರೂ ಮಂಗಳೂರಿನಿಂದ ದುಬೈ, ಅಲ್ಲಿಂದ ಮುಂದೆ ಸ್ವರ್ಗ ಎಂದೇ ಹುಡುಕುತ್ತೇವೆ. ಇವರಿಗೂ ಹಾಗೇ ತೆಗೆದು ತೋರಿಸಿದೆ.

"ಗಲ್ಫಿನ ಮೇಲೆ ಬೇಡ," ಎಂದರು ಎಕ್ಸ್‌ರೇಯವರು.

"ಯಾಕೆ ಮಾರಾಯ್ರೆ? ಬೆಂಗಳೂರಿಗೆ ಅಲೆಯುವುದು ಬೇಡ, ಮಂಗಳೂರಿನಲ್ಲೇ ಹತ್ತಬಹುದು. ನಮ್ಮವರು ಅರ್ಧ ಜನ ಅಲ್ಲೇ ಇದ್ದಾರಲ್ಲ."

"ವಿಮಾನ ತಪ್ಪಿದರೆ ಹೊರಗೆ ಹೋಟೆಲಿಗೆ ಕಳಿಸ್ತಾರೆ. ಅಲ್ಲಿಯ ಕಾನೂನು ನಮ್ಮಂಥವರಿಗೆ ಆಗುವುದಿಲ್ಲ ಅಕ್ಕ. ನಿಮಗೆ ಒಂದು ವಿಷಯ ಹೇಳಬೇಕಿತ್ತು. ನಾವು ಭಾವ ಗೀವ ಎಲ್ಲ…"

ನಾನು ಕೈ ಎತ್ತಿ ತಡೆದೆ. "ಅದೆಲ್ಲ ನನಗೆ ಹೇಳಬೇಕಂತ ಇಲ್ಲ. ಬರುವಾಗ ಚಿನ್ನ ಗಿನ್ನ ಕಟ್ಟಿಕೊಂಡು ಬರುವುದಿಲ್ಲ ಅಲ್ವಾ? ಅಷ್ಟು ಸಾಕು!" ಎಂದು ನಕ್ಕೆ.

ನರ್ಸರಿಯವರು ನಕ್ಕರು. ಎಕ್ಸ್‌ರೇಯವರು ನಗಲಿಲ್ಲ, ಆದರೆ ಮತ್ತೆ ಮಾತು ತೆಗೆಯಲೂ ಇಲ್ಲ. ಕೇಳದೆ ಅರ್ಥ ಮಾಡಿಕೊಳ್ಳುವುದೇ ದೊಡ್ಡ ಮನಸ್ಸು ಎಂದು ನಾನು ಆಗ ನಂಬಿದ್ದೆ. ಅವರು ಹೇಳಬೇಕೆಂದು ಬಾಯಿ ತೆರೆದಾಗ ಆ ಬಾಯಿ ಮುಚ್ಚಿಸಿದ್ದು ಹೇಗೆ ದೊಡ್ಡ ಮನಸ್ಸಾಗುತ್ತದೆ ಎಂದು ಯೋಚಿಸಲಿಲ್ಲ.

ದಾರಿ ಬದಲಿಸಿ, ಬೆಂಗಳೂರಿನಿಂದ ಹೊರಟು ಯುರೋಪಿನಲ್ಲೇ ವಿಮಾನ ಬದಲಿಸುವ ಹಾಗೆ ಹೊಂದಿಸಿದೆ. ಹೋಟೆಲುಗಳನ್ನು ಎಕ್ಸ್‌ರೇಯವರೇ ನೋಡಿ ಬಂದಿದ್ದರು. ಯಾವ ಬೀದಿ, ಯಾವ ಟ್ರಾಮ್, ಇಬ್ಬರು ಗಂಡಸರಿಗೆ ಕೋಣೆ ಕೊಡುವಾಗ ಮುಖ ಸಿಂಡರಿಸದವರು ಯಾರು ಎಂದು ಅಲ್ಲಿಗೆ ಹೋಗಿ ಬಂದವರು ಬರೆದದ್ದನ್ನೆಲ್ಲ ಓದಿದ್ದರು. 'ಒಂದು ದೊಡ್ಡ ಹಾಸಿಗೆ' ಎಂದು ಹೇಳಿದ್ದರು. ನಾನು ಎರಡು ಬೇರೆ ಬೇರೆ ಹಾಸಿಗೆಯ ಕೋಣೆ ಹಾಕಿದೆ. ಫೈಲ್ ನೋಡುವವರ ಕಣ್ಣಿಗೆ ಯಾಕೆ ಬೀಳಬೇಕು, ಅಲ್ಲಿ ಹೋಗಿ ಹಾಸಿಗೆ ಒಟ್ಟು ಮಾಡಿಕೊಂಡರೆ ಯಾರು ಬೇಡ ಎನ್ನುತ್ತಾರೆ ಎಂದು ನನ್ನ ಲೆಕ್ಕ.

ತೊಡಕು ಬಂದದ್ದು ಖರ್ಚಿನ ಆಧಾರ ತೋರಿಸುವಲ್ಲಿ. ವೀಸಾಕ್ಕೆ ಸಂಬಳದ ಚೀಟಿ, ಬ್ಯಾಂಕಿನ ಹಾಳೆ, ತೆರಿಗೆಯ ಕಾಗದ ಬೇಕು. ಎಕ್ಸ್‌ರೇಯವರದು ಎಲ್ಲ ನೀಟಾಗಿತ್ತು. ನರ್ಸರಿ ಮಾತ್ರ ಅವರ ಅಕ್ಕನ ಹೆಸರಿನಲ್ಲಿತ್ತು. ಬರುವುದೆಲ್ಲ ಅಕ್ಕನ ಖಾತೆಗೆ. ತಮ್ಮ ಹಗಲಿಡೀ ಮಣ್ಣಿನಲ್ಲಿ ಕೆಲಸ ಮಾಡಿದರೂ ಕಾಗದದ ಮೇಲೆ ಬಡವನೇ. ಇಂಥ ಸಂದರ್ಭದಲ್ಲಿ ನಾವು ಮಾಡುವುದು ಒಂದೇ: ಜೊತೆಯವರು ಖರ್ಚು ನೋಡಿಕೊಳ್ಳುತ್ತಾರೆ ಎಂದು ಪ್ರಾಯೋಜಕರ ಪತ್ರ ಕೊಡುವುದು. ಆ ಪತ್ರದಲ್ಲಿ ಇಬ್ಬರಿಗೂ ಏನು ಸಂಬಂಧ ಎಂದು ಬರೆಯಲೇಬೇಕು.

ನಾನು ಇಂಗ್ಲಿಷಿನಲ್ಲಿ 'ಬ್ರದರ್ ಇನ್ ಲಾ' ಎಂದು ಹೊಡೆದೆ.

ನರ್ಸರಿಯ ಕಡೆಯಿಂದ ರಜೆಗೆ ಒಪ್ಪಿಗೆಯ ಪತ್ರವೂ ಬೇಕಿತ್ತು. ಗ್ರೂಪ್ ಟೂರ್ ಎಂದು ಹೇಳಿ ಅವರು ಅಕ್ಕನ ಸಹಿ ತಂದರು. ಪತ್ರದ ತಲೆಯ ಮೇಲೆ ನರ್ಸರಿಯ ಫೋನ್ ನಂಬರ್ ಇತ್ತು. ಎಲ್ಲ ಕಾಗದ ಜೋಡಿಸಿ, ಸಹಿ ಹಾಕುವಲ್ಲಿ ಪೆನ್ಸಿಲಿನಿಂದ ಗುರುತು ಮಾಡಿ ಕೊಟ್ಟೆ. ಪ್ರಾಯೋಜಕರ ಪತ್ರದ ಮೇಲೆ ಎಕ್ಸ್‌ರೇಯವರ ಪೆನ್ನು ನಿಂತಿತು.

"ಇದು ಸರಿಯಾಗ್ತದಾ?"

"ನಮ್ಮಲ್ಲಿ ಎಲ್ಲರೂ ಹೀಗೇ ಬರೆಯುವುದು. ನೀವು ಹಾಕಿ," ಎಂದೆ.

ನರ್ಸರಿಯವರು ಅವರ ಮೊಣಕೈ ತಟ್ಟಿ, "ಹಾಕಿ ಭಾವ," ಎಂದರು. ಅವರು ಹಾಕಿದರು. ಆಗ ಮೆಟ್ಟಿಲಲ್ಲಿ ಯಾರದೋ ಚಪ್ಪಲಿಯ ಸದ್ದು ಕೇಳಿತು. ಇಬ್ಬರೂ ತಮ್ಮ ತಮ್ಮ ಕುರ್ಚಿಯನ್ನು ಸ್ವಲ್ಪ ದೂರ ಎಳೆದುಕೊಂಡರು. ಅದನ್ನು ನಾನು ಅದಕ್ಕೂ ಮೊದಲು ಎರಡು ಮೂರು ಸಲ ನೋಡಿದ್ದೆ.

ಬೆಂಗಳೂರಿಗೆ ಹೋಗಿ ಬೆರಳಚ್ಚು ಕೊಟ್ಟು ಬಂದರು. ನರ್ಸರಿಯವರು ನನಗೆ ಒಂದು ಮಲ್ಲಿಗೆ ಗಿಡ ತಂದುಕೊಟ್ಟು, "ವೀಸಾ ಬರುವಾಗ ಇದರಲ್ಲಿ ಮೊಗ್ಗು ಬರ್ತದೆ ನೋಡಿ ಅಕ್ಕ," ಎಂದು ಹೋದರು.

ವೀಸಾಕ್ಕಿಂತ ಮೊದಲು ಬಂದವರು ಅವರ ಅಕ್ಕ.

ಐವತ್ತು ದಾಟಿದ ಹೆಂಗಸು, ಉಗುರಿನ ಸಂದಿಯಲ್ಲಿ ಇನ್ನೂ ಮಣ್ಣು. ಮೂಡುಬಿದಿರೆಯ ಬಸ್ಸಿಳಿದು ಸೀದಾ ಮೇಲೆ ಬಂದು, ಕೂರದೆ, ನನ್ನ ಮೇಜಿನ ಎದುರು ನಿಂತರು.

"ನನ್ನ ಗಂಡ ಯಾರು ಅಂತ ಈ ಆಫೀಸಿನಲ್ಲಿ ಗೊತ್ತುಂಟಂತೆ. ಒಮ್ಮೆ ನನಗೂ ಹೇಳ್ತೀರಾ?"

ಯಾರೋ ತಲೆಕೆಟ್ಟವರು ಎಂದುಕೊಂಡೆ. ಅವರು ತಮ್ಮನ ಹೆಸರು ಹೇಳಿದ ಕೂಡಲೇ ನಾನು ಕುರ್ಚಿಯಿಂದ ಎದ್ದು ನಿಂತೆ.

ಆದದ್ದು ಇಷ್ಟು. ದೂತಾವಾಸದವರು ಅರ್ಜಿಯನ್ನು ತಾಳೆ ನೋಡಲು ಕೆಲವೊಮ್ಮೆ ಫೋನ್ ಮಾಡುತ್ತಾರೆ. ನರ್ಸರಿಗೆ ಮಾಡಿದ್ದಾರೆ. ಕನ್ನಡ ಬಲ್ಲ ಒಬ್ಬರು ಮಾತಾಡಿದ್ದಾರೆ. ಈ ಅಕ್ಕ ಗಿಡದ ಚೀಲಗಳಿಗೆ ಮಣ್ಣು ತುಂಬುತ್ತಿದ್ದರಂತೆ. ಕೈಯಲ್ಲಿ ಮಣ್ಣಿದ್ದದ್ದರಿಂದ ಫೋನನ್ನು ಸ್ಪೀಕರಿಗೆ ಹಾಕಿ ಗಿಡಗಳ ಮಧ್ಯೆ ಇಟ್ಟಿದ್ದಾರೆ. ಆ ಕಡೆಯವರು ಎಕ್ಸ್‌ರೇಯವರ ಹೆಸರು ಹೇಳಿ, ನಿಮ್ಮ ತಮ್ಮನ ಖರ್ಚು ನೋಡಿಕೊಳ್ಳುವ ಭಾವ ಎಂದು ಬರೆದಿದೆ, ನಿಮ್ಮ ತಮ್ಮನಿಗೆ ಮದುವೆಯಾಗಿಲ್ಲ ಎಂದೂ ಇದೆ, ಹಾಗಾದರೆ ಇವರು ನಿಮ್ಮ ಯಜಮಾನರೇ ಎಂದು ಕೇಳಿದ್ದಾರೆ. ಗಿಡ ಕೊಳ್ಳಲು ಬಂದವರು, ಕೆಲಸದ ಹೆಂಗಸರು, ಎಲ್ಲರೂ ಕೇಳಿಸಿಕೊಂಡಿದ್ದಾರೆ. ಈ ಅಕ್ಕನಿಗೆ ಮದುವೆಯೇ ಆಗಿರಲಿಲ್ಲ.

"ನಾನು ಅಂದೆ, ಅಂಥವರು ಯಾರೂ ನನಗೆ ಗೊತ್ತಿಲ್ಲ ಅಂತ," ಅವರು ಹೇಳಿದರು. "ಫೋನಿನವ ಸಾರಿ ಅಂತ ಇಟ್ಟ. ಒಬ್ಬಳು ಗಿರಾಕಿ ನಕ್ಕಳು. ಸಂಜೆ ತಮ್ಮನ ಹತ್ತಿರ ಕೇಳಿದೆ, ಯಾರವ ಅಂತ. ಅವ ಹೇಳಿದ."

"ಅಕ್ಕ, ತಪ್ಪು ನನ್ನದು. ಭಾವ ಅಂತ ಬರೆದದ್ದು ನಾನು. ನಮ್ಮಲ್ಲಿ ಹಾಗೆ ಹೇಳುವುದುಂಟಲ್ಲ…"

"ಬೆಳ್ತಂಗಡಿಗೆ ಬಸ್ಸು ಹತ್ತುವ ದಿನ ಅವ ಯಾಕೆ ಇಸ್ತ್ರಿ ಮಾಡಿದ ಅಂಗಿ ಹಾಕ್ತಾನೆ ಅಂತ ನಾನು ಯಾವತ್ತಾದರೂ ಕೇಳಿದ್ದುಂಟಾ? ಗೊತ್ತಿಲ್ಲದ ಹಾಗೆ ಇದ್ದೆ. ಅವನಿಗೂ ಅದು ಬೇಕಿತ್ತು, ನನಗೂ ಬೇಕಿತ್ತು. ನೀವು ಬಂದು ಮಧ್ಯದಲ್ಲಿ ಕೈ ಹಾಕಿದಿರಿ. ಈಗ ನನಗೆ ಗೊತ್ತಿಲ್ಲ ಅಂತ ಹೇಳಲಿಕ್ಕೆ ಬಾಯಿಲ್ಲ, ಗೊತ್ತುಂಟು ಅಂತ ಹೇಳಲಿಕ್ಕೆ ಧೈರ್ಯ ಇಲ್ಲ."

"ಅವರು ಮನೆಯಲ್ಲಿದ್ದಾರಾ?"

"ಹೋದ. ನಾನು ಹೋಗು ಅನ್ನಲಿಲ್ಲ. ಇರು ಅಂತಲೂ ಅನ್ನಲಿಲ್ಲ."

ನೀರು ಕೊಟ್ಟೆ, ಮುಟ್ಟಲಿಲ್ಲ. ಬಂದ ಹಾಗೆಯೇ ಇಳಿದು ಹೋದರು. ಆಡಿದ ಮಾತಾದರೆ ಮರೆತುಬಿಡಿ ಎನ್ನಬಹುದಿತ್ತು. ನಾನು ಬರೆದು ಕೊಟ್ಟಿದ್ದೆ, ಅದಕ್ಕೆ ಸಹಿಯನ್ನೂ ಹಾಕಿಸಿದ್ದೆ.

ಅದೇ ವಾರ ಇಬ್ಬರ ಪಾಸ್‌ಪೋರ್ಟೂ ವಾಪಸು ಬಂದವು, ಒಳಗೆ ವೀಸಾ ಇಲ್ಲದೆ. ನಿರಾಕರಣೆಯ ಹಾಳೆಯಲ್ಲಿ ಕಾರಣಗಳ ಸಾಲು ಮೊದಲೇ ಅಚ್ಚಾಗಿರುತ್ತದೆ. ಯಾವುದು ನಿಮ್ಮದೋ ಅದರ ಪಕ್ಕ ಗುರುತು ಹಾಕುತ್ತಾರೆ. ಪ್ರಯಾಣದ ಉದ್ದೇಶದ ಬಗ್ಗೆ ಕೊಟ್ಟ ಮಾಹಿತಿ ನಂಬಲರ್ಹವಲ್ಲ ಎಂಬ ಸಾಲಿನ ಪಕ್ಕ ಗುರುತಿತ್ತು. ಎಕ್ಸ್‌ರೇಯವರಿಗೂ ಫೋನ್ ಬಂದಿತ್ತಂತೆ. ಸಂಬಂಧ ಕೇಳಿದಾಗ ಅವರು ಸುಳ್ಳು ಹೇಳಲಾರದೆ 'ಪಾರ್ಟ್‌ನರ್' ಎಂದಿದ್ದರು. ಕಾಗದದಲ್ಲಿ ಒಂದು, ಅಕ್ಕನ ಬಾಯಲ್ಲಿ ಒಂದು, ಅವರ ಬಾಯಲ್ಲಿ ಇನ್ನೊಂದು. ನಾನು ಆ ಅಧಿಕಾರಿಯ ಕುರ್ಚಿಯಲ್ಲಿ ಕೂತಿದ್ದರೂ ಗುರುತು ಹಾಕುತ್ತಿದ್ದೆ.

ನನ್ನ ಕೈಯಲ್ಲಿ ಹೋದ ಫೈಲುಗಳು ತಿರಸ್ಕಾರವಾದದ್ದು ಇದೇ ಮೊದಲಲ್ಲ. ಫೋನ್ ಮಾಡಿ 'ಗ್ರಹಚಾರ ಮಾರಾಯ್ರೆ, ಮತ್ತೆ ನೋಡುವ' ಎಂದು ಹೇಳಿಯೇ ರೂಢಿ. ಈ ಸಲ ಕೈಗೆತ್ತಿಕೊಂಡ ಫೋನನ್ನು ಹಾಗೇ ಕೆಳಗಿಟ್ಟೆ. ಆಫೀಸಿಗೆ ಬೀಗ ಹಾಕಿ, ಪಾಸ್‌ಪೋರ್ಟುಗಳನ್ನು ಅದೇ ಪ್ಲಾಸ್ಟಿಕ್ ಕವರಿನಲ್ಲಿ ಹಾಕಿಕೊಂಡು ಬೆಳ್ತಂಗಡಿಯ ಬಸ್ಸು ಹತ್ತಿದೆ. ಮಡಂತ್ಯಾರು ದಾಟುವವರೆಗೂ ಏನು ಹೇಳಬೇಕೆಂದು ಬಾಯಿಪಾಠ ಮಾಡಿದೆ. ಗುರುವಾಯನಕೆರೆ ಬರುವಾಗ ಒಂದೂ ನೆನಪಿರಲಿಲ್ಲ.

ಎಕ್ಸ್‌ರೇಯವರ ಬಾಡಿಗೆ ಮನೆ ಪೇಟೆಯಿಂದ ಸ್ವಲ್ಪ ಆಚೆ, ಮಾಳಿಗೆಯ ಮೇಲೆ. ನರ್ಸರಿಯವರು ಬಾಗಿಲು ತೆಗೆದರು. ಯಾವತ್ತೂ 'ಅಕ್ಕ' ಎನ್ನುತ್ತಿದ್ದವರು, "ಬನ್ನಿ ಮೇಡಂ," ಎಂದರು. ಆ ಮೇಡಂ ಎಲ್ಲಿಗೆ ನಾಟಬೇಕೋ ಅಲ್ಲಿಗೇ ನಾಟಿತು.

ನಾನು ಅಳುತ್ತೇನೆ ಎಂದುಕೊಂಡಿರಲಿಲ್ಲ, ಆದರೂ ಅತ್ತುಬಿಟ್ಟೆ. ಕ್ಷಮೆ ಕೇಳಿದೆ. ನರ್ಸರಿಯವರು ಕಿಟಕಿಯ ಹೊರಗೆ ನೋಡುತ್ತಾ, "ಹೋಗಲಿ ಬಿಡಿ, ನಾವೂ ಸಹಿ ಹಾಕಿದ್ದೇವಲ್ಲ," ಎಂದರು. ಎಕ್ಸ್‌ರೇಯವರು ಹಾಗೆ ಬಿಡುವವರಲ್ಲ.

"ನಾನು ಎರಡು ಸಲ ಹೇಳಲಿಕ್ಕೆ ಬಂದೆ. ಒಂದು ಸಲ ತಮಾಷೆ ಮಾಡಿದಿರಿ, ಇನ್ನೊಂದು ಸಲ ಎಲ್ಲರೂ ಹೀಗೇ ಬರೆಯುವುದು ಅಂದಿರಿ," ಎಂದರು. "ನಮಗೆ ಬೈಯುವವರ ಹತ್ತಿರ ಹೇಗಿರಬೇಕು ಅಂತ ನಮಗೆ ಗೊತ್ತುಂಟು. ನಿಮ್ಮ ಹಾಗೆ ಒಳ್ಳೆಯವರ ಹತ್ತಿರವೇ ಹೇಗಿರಬೇಕು ಅಂತ ಗೊತ್ತಾಗುವುದಿಲ್ಲ."

ಕೆಳಗೆ ರಸ್ತೆಯಲ್ಲಿ ಒಂದು ಬಸ್ಸು ಹಾರ್ನ್ ಹಾಕಿಕೊಂಡು ಹೋಯಿತು.

"ನಾವು ಆ ದೇಶಕ್ಕೆ ಹೋಗಬೇಕು ಅಂದದ್ದು ಕೋಟೆ ನೋಡಲಿಕ್ಕೆ ಅಲ್ಲ," ಅವರು ಮುಂದುವರಿಸಿದರು. "ಒಂದು ಸಂಜೆ ರಸ್ತೆ ಬದಿಯ ಹೋಟೆಲಿನಲ್ಲಿ ಒಟ್ಟಿಗೆ ಕೂತು ಕಾಫಿ ಕುಡಿಯಬೇಕು. ಯಾರಾದರೂ ಬಂದರೆ ಕುರ್ಚಿ ದೂರ ಎಳೆಯಬಾರದು. ಅಷ್ಟೇ ಇದ್ದದ್ದು. ನಿಮ್ಮ ಆಫೀಸಿನಲ್ಲೇ ಎಳೆದಿದ್ದೇವೆ. ನೀವು ನೋಡಿದ್ದೀರಿ."

"ನೋಡಿದ್ದೇನೆ," ಎಂದೆ.

ಮೂಲೆಯಲ್ಲಿ ನರ್ಸರಿಯವರ ಚೀಲ ಬಿಚ್ಚದೆ ಹಾಗೆಯೇ ಇತ್ತು. ಇಷ್ಟು ವರ್ಷ ಕಂಡಕಂಡವರ ಊರು, ಮನೆತನ, ಬಂಗಾರ ಎಲ್ಲ ಕೇಳಿದ ಬಾಯಿಗೆ ಇವರ ಹತ್ತಿರ ಮಾತ್ರ ನಾಚಿಕೆ ಬಂದದ್ದು ಯಾಕೆ? ಮರ್ಯಾದೆ ಎಂದುಕೊಂಡದ್ದು ಹೆದರಿಕೆ. ಅವರು ಹೇಳಿದರೆ ನಾನು ಏನು ಮುಖ ಮಾಡಬೇಕೆಂಬ ನನ್ನ ಹೆದರಿಕೆ.

"ಈಗ ಕೇಳ್ತೇನೆ," ಎಂದೆ. "ಇವರು ನಿಮಗೆ ಎಂತ ಆಗಬೇಕು?"

ನರ್ಸರಿಯವರು ತಿರುಗಿ ನೋಡಿದರು. "ಕನ್ನಡದಲ್ಲಿ ಸಂಗಾತಿ ಅಂತ ಬರೀತಾರೆ ಮೇಡಂ. ನನ್ನ ಬಾಯಿಗೆ ಅದು ಬರುವುದಿಲ್ಲ, ಭಾಷಣದ ಹಾಗೆ ಆಗ್ತದೆ. ತುಳುವಿನಲ್ಲಿ ನಮಗೆ ಮಾತೇ ಇಲ್ಲ. ಇವರು ನನ್ನ ಮನೆಯವರು. ಹಾಗೆ ಹೇಳಿದರೆ ಆಗ್ತದಾ?"

ಮನೆಯವರು ಎಂದು ನಮ್ಮಲ್ಲಿ ಹೆಂಗಸರು ಗಂಡನನ್ನು ಹೇಳುವುದು. ನಾನು ನನ್ನ ಗಂಡನನ್ನು ಹೇಳುವುದೂ ಹಾಗೆಯೇ. ಆಗುತ್ತದೆ ಎಂದೆ.

ಮರು ಅರ್ಜಿಯ ಮಾತು ತೆಗೆದದ್ದು ಎಕ್ಸ್‌ರೇಯವರು. ನರ್ಸರಿಯವರು ಬೇಡವೆಂದರು, ಕೊನೆಗೆ, "ಹೋದದ್ದು ಹೋಯಿತು, ಕಾಫಿಯಾದರೂ ಸಿಗಲಿ," ಎಂದರು. ನಾನು ಒಂದು ನಿರ್ಧಾರ ಮಾಡಿದೆ. ಹೊಸ ಫೈಲಿನ ಜೊತೆ ನನ್ನದೂ ಒಂದು ಪತ್ರ ಇಡುವುದು: ಹಿಂದಿನ ಅರ್ಜಿಯಲ್ಲಿ ಸಂಬಂಧವನ್ನು ತಪ್ಪಾಗಿ ಬರೆದದ್ದು ಏಜೆಂಟ್ ಆದ ನಾನು, ಅರ್ಜಿದಾರರು ನಿಜ ಹೇಳಲು ಬಂದಾಗ ಕೇಳಿಸಿಕೊಳ್ಳಲಿಲ್ಲ ಎಂದು. ನನಗೆ ಟಿಕೆಟ್ ಒದಗಿಸುವ ಮಂಗಳೂರಿನ ದೊಡ್ಡ ಏಜೆನ್ಸಿಯವರು ಇದನ್ನು ಕೇಳಿ ಹೌಹಾರಿದರು. "ನಿಮ್ಮ ಕತ್ತು ನೀವೇ ಕೊಯ್ದುಕೊಳ್ತೀರಾ? ನಾಳೆ ನಿಮ್ಮ ಫೈಲ್ ಅಂದರೆ ಅವರು ಎರಡೆರಡು ಸಲ ನೋಡ್ತಾರೆ," ಎಂದರು. ನೋಡಲಿ ಎಂದೆ. ಬೇರೆಯವರ ಕತ್ತು ಕೊಯ್ದ ಮೇಲೆ ನನ್ನದರ ಮೇಲೆ ಅಷ್ಟು ಮಮತೆ ಉಳಿದಿರಲಿಲ್ಲ.

ಈ ಸಲ ಒಟ್ಟಿಗಿರುವುದಕ್ಕೆ ಪುರಾವೆ ಹುಡುಕಿದೆವು. ಯಾರಿಗೂ ಪುರಾವೆ ಸಿಗಬಾರದೆಂದು ಇಷ್ಟು ವರ್ಷ ಎಚ್ಚರದಿಂದ ಬದುಕಿದವರ ಹತ್ತಿರ ಏನು ಸಿಗುತ್ತದೆ? ಜಂಟಿ ಖಾತೆ ಇಲ್ಲ. ಫೋಟೋಗಳಲ್ಲೆಲ್ಲ ಇಬ್ಬರ ಮಧ್ಯೆ ಮೂರನೆಯವರೊಬ್ಬರು ನಿಂತಿದ್ದಾರೆ. ಕೊನೆಗೆ ಸಿಕ್ಕಿದ್ದು ಬಾಡಿಗೆ ಕರಾರು. ನರ್ಸರಿಯವರು ಮನೆ ಬಿಟ್ಟು ಬಂದ ಮೇಲೆ ಬೆಳ್ತಂಗಡಿಯ ಮನೆಯ ಯಜಮಾನರು ಇಬ್ಬರ ಹೆಸರಲ್ಲೂ ಬರೆಸಿಕೊಂಡಿದ್ದರು. ಫೈಲಿನಲ್ಲಿ ಅದೇ ಎಲ್ಲಕ್ಕಿಂತ ಗಟ್ಟಿ ಕಾಗದ. ಅದನ್ನು ಪಂಚ್ ಮಾಡಿ ಸೇರಿಸುವಾಗ ನನಗಾದ ಸಂಕಟ ಹೇಳತೀರದು. ನಾನು ಒಂದು ಮನೆ ಒಡೆಯದೆ ಇದ್ದಿದ್ದರೆ ಈ ಕಾಗದ ಹುಟ್ಟುತ್ತಲೇ ಇರಲಿಲ್ಲ. ಹೋಟೆಲಿಗೆ ಒಂದೇ ದೊಡ್ಡ ಹಾಸಿಗೆಯ ಕೋಣೆ ಹಾಕಿದೆ.

ನರ್ಸರಿಯ ಒಪ್ಪಿಗೆ ಪತ್ರ ಮತ್ತೆ ಬೇಕಿತ್ತು. ಹಳೆಯದು ನಡೆಯುವುದಿಲ್ಲ, ದಿನಾಂಕ ಮೀರಿತ್ತು. "ನನ್ನಿಂದ ಆಗುವುದಿಲ್ಲ," ಎಂದರು ನರ್ಸರಿಯವರು. ನಾನೇ ಸಿದ್ಧಕಟ್ಟೆಯ ಮೇಲಿಂದ ಮೂಡುಬಿದಿರೆಗೆ ಹೋದೆ.

ಅಕ್ಕ ಕಪ್ಪು ಪ್ಲಾಸ್ಟಿಕ್ ಚೀಲಗಳಿಗೆ ಮಣ್ಣು ತುಂಬುತ್ತಿದ್ದರು. ಕಸಿ ಕಟ್ಟಿದ ಮೆಣಸಿನ ಬಳ್ಳಿಗಳಲ್ಲಿ ಹಲವು ಒಣಗಿದ್ದವು. ಕಸಿಯ ಕೈ ತಮ್ಮನದು, ಅಕ್ಕನದು ವ್ಯಾಪಾರ ಎಂದು ನನಗೆ ಆಮೇಲೆ ಗೊತ್ತಾಯಿತು. ನಾನು ಬಂದ ಕೆಲಸ ಹೇಳಿದೆ.

"ಈ ಸಲ ಎಂತ ಅಂತ ಬರೆದಿದ್ದೀರಿ?"

ಓದಿ ಹೇಳಿದೆ, ಕನ್ನಡದಲ್ಲಿ, ಒಂದೊಂದೇ ಸಾಲು. ನಮ್ಮ ಸಿಬ್ಬಂದಿಯಾದ ನನ್ನ ತಮ್ಮ ತನ್ನ ಸಂಗಾತಿಯ ಜೊತೆ ಪ್ರವಾಸ ಹೋಗುವುದಕ್ಕೆ ನನ್ನ ಒಪ್ಪಿಗೆ ಇದೆ ಎಂದು. ಒಪ್ಪಿಗೆ ಎಂಬಲ್ಲಿ ನನ್ನ ಸ್ವರ ಸಣ್ಣದಾಯಿತು.

"ಇದು ರಜೆಗೆ ಒಪ್ಪಿಗೆಯಾ, ಎಲ್ಲದಕ್ಕೂ ಒಪ್ಪಿಗೆಯಾ?"

"ರಜೆಗೆ ಮಾತ್ರ ಅಕ್ಕ."

ಅವರು ಕೊಡಪಾನದ ನೀರಿನಲ್ಲಿ ಕೈ ತೊಳೆದು, ಸೆರಗಿಗೆ ಒರೆಸಿ, ಸಹಿ ಹಾಕಿದರು. "ಪುನಃ ಫೋನ್ ಬಂದರೆ?" ಎಂದೆ.

"ಬರಲಿ. ಗೊತ್ತುಂಟು ಅಂತ ಹೇಳ್ತೇನೆ. ಸ್ಪೀಕರಿಗೆ ಹಾಕುವುದಿಲ್ಲ."

ಕ್ಷಮೆ ಕೇಳಲು ಬಾಯಿ ತೆರೆದೆ. "ನೀವು ಹೋಗಿ, ಬಸ್ಸುಂಟು ಈಗ," ಎಂದರು. ಇದ್ದ ಬಸ್ಸು ಹೊರಟೇ ಹೋಗಿತ್ತು ಎಂದು ನನಗೂ ಅವರಿಗೂ ಗೊತ್ತಿತ್ತು.

ವೀಸಾ ಬಂತು. ನನ್ನ ಪತ್ರವನ್ನು ದೂತಾವಾಸದವರು ಓದಿದರೋ ಇಲ್ಲವೋ ತಿಳಿಯದು. ಇಬ್ಬರೂ ಪಾಸ್‌ಪೋರ್ಟು ತೆಗೆದುಕೊಂಡು ಹೋಗಲು ಬಂದಾಗ, ಈ ಸಲ ಒಂದೇ ಬಸ್ಸಿನಿಂದ ಇಳಿದದ್ದನ್ನು ಕಿಟಕಿಯಿಂದ ನೋಡಿದೆ. ನನಗೆ ಸಂತೋಷ ಆಗಬೇಕಿತ್ತು. ನರ್ಸರಿಯವರು ತೆಳ್ಳಗಾಗಿದ್ದರು. ಮಾತಿಗೊಂದು ನಗುವಿದ್ದ ಮನುಷ್ಯ ಎಲ್ಲದಕ್ಕೂ ತಲೆಯಾಡಿಸುತ್ತಿದ್ದರು. ಇಬ್ಬರೂ ಕುರ್ಚಿಯನ್ನು ಹತ್ತಿರ ಹಾಕಿಕೊಂಡು ಕೂತರು. ಯಾರೋ ಗಿರಾಕಿ ಬಂದು ಬೆಂಚಿನಲ್ಲಿ ಕೂತಾಗ ನಾನೇ ಒಂದು ಕ್ಷಣ ಕುರ್ಚಿ ಅಲುಗುತ್ತದೆಯೇ ಎಂದು ನೋಡಿದೆ. ಅಲುಗಲಿಲ್ಲ.

ಪ್ರಯಾಣದ ವಿಮೆಯ ಕಾಗದದಲ್ಲಿ ಒಂದು ಸಾಲು ಬಾಕಿಯಿತ್ತು. ಅವಘಡವಾದರೆ ಊರಿನಲ್ಲಿ ಯಾರಿಗೆ ತಿಳಿಸಬೇಕು ಎಂದು ಒಂದು ಹೆಸರು, ನಂಬರ್ ಕೊಡಬೇಕು. ಎಕ್ಸ್‌ರೇಯವರು ಆಸ್ಪತ್ರೆಯ ಒಬ್ಬ ಸ್ನೇಹಿತರದ್ದು ಕೊಟ್ಟರು. ನರ್ಸರಿಯವರನ್ನು ಕೇಳಿದೆ.

"ಅಕ್ಕನದು ಹಾಕಲಾ?"

"ಬೇಡ. ಅವಳಿಗೆ ಪುನಃ ಯಾವನೋ ಫೋನ್ ಮಾಡಿ ಏನೋ ಕೇಳುವುದು ಬೇಡ."

"ಮತ್ತೆ?"

"ನಿಮ್ಮದೇ ಹಾಕಿ."

ಸಂಬಂಧ ಏನೆಂದು ಬರೆಯಲಿ ಎಂದು ಕೇಳಿದೆ. ಕೇಳದೆ ಏನೂ ಬರೆಯುವುದಿಲ್ಲವೆಂದು ಆಣೆ ಮಾಡಿಕೊಂಡವಳು ನಾನು. ಒಳಗೊಳಗೇ ಒಂದು ಆಸೆಯೂ ಇತ್ತು, ಅವರು ಮೊದಲಿನ ಹಾಗೆ ಅಕ್ಕ ಎನ್ನಬಹುದೆಂದು.

"ಏಜೆಂಟ್," ಎಂದರು. ಕೋಪವಿರಲಿಲ್ಲ, ಇದ್ದದ್ದನ್ನು ಹೇಳಿದರು. ಹಾಗೆಯೇ ಬರೆದೆ.

ಅವರು ಹೊರಟ ದಿನ ನನಗೆ ಯಾವ ಕೆಲಸದಲ್ಲೂ ಮನಸ್ಸು ನಿಲ್ಲಲಿಲ್ಲ. ಮರುದಿನ ಆಫೀಸಿನ ಬಾಗಿಲು ತೆಗೆಯುತ್ತಿರುವಾಗ ಮೊಬೈಲಿನಲ್ಲಿ ನರ್ಸರಿಯವರ ಸಂದೇಶ ಬಂತು. ಅಲ್ಲಿ ತಲುಪಿದ ಸುದ್ದಿ, ಕನ್ನಡದಲ್ಲಿ ಒಂದೇ ಪದ. ಅದನ್ನು ಓದಿ ಕುರ್ಚಿಯಲ್ಲಿ ಕೂತೆ. ಕೂತ ಸ್ವಲ್ಪ ಹೊತ್ತಿಗೆ ಫೋನ್ ಬಂತು, ಮೂಡುಬಿದಿರೆಯ ನರ್ಸರಿಯ ನಂಬರಿನಿಂದ.

"ಅವ ಮುಟ್ಟಿದನಾ?" ಎಂದರು ಅಕ್ಕ. ಯಾರು, ಏನು ಎಂಬ ಪೀಠಿಕೆ ಇಲ್ಲ.

"ಮುಟ್ಟಿದರಂತೆ ಅಕ್ಕ. ಈಗಷ್ಟೇ ಮೆಸೇಜ್ ಬಂತು."

"ಎಂತ ಬರೆದಿದ್ದಾನೆ?"

"ಒಂದೇ ಪದ. ಮುಟ್ಟಿದ್ದಾರೆ ಅಂತ."

"ಹಾಗಲ್ಲ. ಅವ ಬರೆದದ್ದನ್ನು ಹೇಳಿ. ಮುಟ್ಟಿದೆ ಅಂತಲಾ, ಮುಟ್ಟಿದೆವು ಅಂತಲಾ?"

ಫೋನನ್ನು ಕಿವಿಯಿಂದ ತೆಗೆದು ಮತ್ತೊಮ್ಮೆ ನೋಡಿದೆ, ತಪ್ಪಬಾರದೆಂದು.

"ಮುಟ್ಟಿದೆವು ಅಂತ."

ಆ ಕಡೆ ನರ್ಸರಿಯಲ್ಲಿ ಯಾರೋ ಗಿಡದ ಬೆಲೆ ಕೇಳುತ್ತಿದ್ದರು.

"ಸರಿ," ಎಂದರು ಅಕ್ಕ. "ನನಗೆ ಬರಬೇಕಾದ್ದು ನಿಮಗೆ ಬಂತು."

ಅಷ್ಟು ಹೇಳಿ ಅವರು ಫೋನ್ ಇಟ್ಟರು.